ಬುಡಾಪೆಸ್ಟ್ ಚತುಷ್ಟಯದ ಕೊನೆಯ ಹಂಗೇರಿಯನ್

1

ಬುಡಾಪೆಸ್ಟ್ ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ಹೆಸರು 1917ರಿಂದ 1967ರವರೆಗೆ, ಐವತ್ತು ವರ್ಷಗಳ ಕಾಲ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವೇದಿಕೆಯ ಮೇಲೆ ಬಾಳಿತು. ಇದರಲ್ಲಿ ಮೊದಲ ಹತ್ತೊಂಬತ್ತು ವರ್ಷ ಮಾತ್ರ ತಂಡದಲ್ಲಿ ಹಂಗೇರಿಯವರು ಒಬ್ಬರಾದರೂ ಇದ್ದರು. 1936ರ ನಂತರದ ಮೂವತ್ತೊಂದು ವರ್ಷ ಆ ಹೆಸರಿನಡಿ ನುಡಿಸಿದವರೆಲ್ಲ ರಷ್ಯಾ ಮೂಲದವರು. ತಂಡಕ್ಕೆ ಲೋಕಖ್ಯಾತಿ ಬಂದದ್ದೂ ಬೀಥೋವನ್ ಕೃತಿಗಳ ಅದರ ಧ್ವನಿಮುದ್ರಿಕೆಗಳು ಅಮೆರಿಕದ ಸಾಮಾನ್ಯ ಕೇಳುಗರ ಮನೆಗಳನ್ನು ಮುಟ್ಟಿದ್ದೂ ಈ ಎರಡನೆಯ ಅವಧಿಯಲ್ಲಿ. ನಾಲ್ವರು ರಷ್ಯನ್ನರು ಒಂದೆಡೆ ಸೇರಿದರೆ ಅದು ಬುಡಾಪೆಸ್ಟ್ ಕ್ವಾರ್ಟೆಟ್ ಆಗುತ್ತದೆ ಎಂಬ ಹಾಸ್ಯ ಸಂಗೀತಗಾರರ ನಡುವೆ ಬಹುಕಾಲ ಚಾಲ್ತಿಯಲ್ಲಿತ್ತು.

ಈ ಹಾಸ್ಯವನ್ನು ನಕ್ಕು ಬಿಡುವ ಬದಲು ಪ್ರಶ್ನೆಯಾಗಿ ಎತ್ತಿಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶ. ಸದಸ್ಯರೆಲ್ಲ ಬದಲಾಗಿ, ವಾಸದ ಊರು ಬದಲಾಗಿ, ತಾಲೀಮಿನ ಕೊಠಡಿಯ ಮಾತು ಕೂಡ ಬದಲಾದ ಮೇಲೆ ಒಂದು ತಂಡ ಅದೇ ತಂಡವಾಗಿ ಉಳಿಯುವುದು ಯಾವ ಅರ್ಥದಲ್ಲಿ? ಹಾಗೆ ಉಳಿಯುವುದಕ್ಕೆ ತೆತ್ತ ಬೆಲೆ ಯಾರದು? ಭಾಷಾ ಅಲ್ಪಸಂಖ್ಯಾತರ ಅಧ್ಯಯನದಲ್ಲಿ ತೊಡಗಿರುವವರಿಗೆ ಈ ಎರಡು ಪ್ರಶ್ನೆಗಳು ಹೊಸವಲ್ಲ. ಆದರೆ ಅವುಗಳನ್ನು ಕೇವಲ ನಾಲ್ಕು ಜನರ ಸಮುದಾಯವೊಂದರಲ್ಲಿ ಇಟ್ಟು ನೋಡುವ ಅವಕಾಶ ಅಪರೂಪ. ಸಂಖ್ಯೆ ಇಷ್ಟು ಚಿಕ್ಕದಾದಾಗ ಬಹುಮತ, ಅಲ್ಪಮತ, ಸಮಾನಮತ ಎಂಬ ಪದಗಳು ಅಮೂರ್ತ ಪರಿಕಲ್ಪನೆಗಳಾಗಿ ಉಳಿಯದೆ ಮನುಷ್ಯರ ಹೆಸರುಗಳಾಗುತ್ತವೆ.

2

ಸ್ಟ್ರಿಂಗ್ ಕ್ವಾರ್ಟೆಟ್ ಎಂದರೆ ಎರಡು ವಯೊಲಿನ್, ಒಂದು ವಯೋಲ, ಒಂದು ಚೆಲ್ಲೊ. ಕನ್ನಡದಲ್ಲಿ ತಂತಿವಾದ್ಯ ಚತುಷ್ಟಯ ಎನ್ನಬಹುದು. ನಮ್ಮ ಕಛೇರಿ ಪದ್ಧತಿಯನ್ನು ಬಲ್ಲವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ಮುಖ್ಯ ಕಲಾವಿದರಿರುತ್ತಾರೆ, ಪಕ್ಕವಾದ್ಯದವರಿರುತ್ತಾರೆ. ಸಂಗತಿಯೊಂದು ಹುಟ್ಟುವುದು ಬಹುಪಾಲು ವೇದಿಕೆಯ ಮೇಲೆಯೇ. ಚತುಷ್ಟಯದಲ್ಲಿ ಪಕ್ಕವಾದ್ಯವೆಂಬುದಿಲ್ಲ, ನಿರ್ದೇಶಕನೂ ಇಲ್ಲ. ಸ್ವರಗಳನ್ನು ರಚನಕಾರ ಬರೆದಿಟ್ಟಿದ್ದಾನೆ. ಆದರೆ ಅವನು ಬರೆಯದೆ ಬಿಟ್ಟದ್ದು ಬೇಕಾದಷ್ಟಿದೆ. ಈ ವಾಕ್ಯದ ಕೊನೆಗೆ ಎಷ್ಟು ಬಿಡುವು, ಈ ಸ್ವರಕ್ಕೆ ಬಿಲ್ಲು ಮೇಲಿನಿಂದ ಕೆಳಕ್ಕೋ ಕೆಳಗಿನಿಂದ ಮೇಲಕ್ಕೋ, ಇಲ್ಲಿ ಮುಂದೆ ನಿಲ್ಲಬೇಕಾದದ್ದು ವಯೋಲವೋ ಎರಡನೆಯ ವಯೊಲಿನ್ನೋ, ಈ ಮಂದಗತಿ ಎಷ್ಟು ಮಂದ: ಇವೆಲ್ಲವನ್ನೂ ನಾಲ್ವರು ಕುಳಿತು ಮಾತಾಡಿ ತೀರ್ಮಾನಿಸಬೇಕು. ಆದ್ದರಿಂದ ವೃತ್ತಿನಿರತ ಚತುಷ್ಟಯದ ಬದುಕಿನಲ್ಲಿ ನುಡಿಸುವಿಕೆಯಷ್ಟೇ ಪಾಲು ಮಾತಿಗೂ ಇದೆ. ಕೇಳುಗನಿಗೆ ತಲುಪುವುದು ನಾದ. ಆ ನಾದ ಹಣ್ಣಾಗುವುದು ಯಾವುದೋ ಒಂದು ಭಾಷೆಯಲ್ಲಿ.

ಬುಡಾಪೆಸ್ಟ್ ತಂಡವನ್ನು ಕಟ್ಟಿದವರು ಅಲ್ಲಿನ ಆಪೆರಾ ವಾದ್ಯವೃಂದದ ನಾಲ್ವರು: ಮೊದಲ ವಯೊಲಿನ್ ಎಮಿಲ್ ಹೌಸರ್, ಎರಡನೆಯ ವಯೊಲಿನ್ ಆಲ್ಫ್ರೆಡ್ ಇಂಡಿಗ್, ವಯೋಲ ಇಸ್ತ್ವಾನ್ ಇಪೊಯಿ, ಚೆಲ್ಲೊ ಹ್ಯಾರಿ ಸಾನ್. ಕೊನೆಯವರು ಡಚ್ ಮೂಲದವರು. ಅಂದರೆ ತಂಡ ಆರಂಭದಲ್ಲಿಯೂ ಪೂರ್ತಿ ಹಂಗೇರಿಯನ್ ಆಗಿರಲಿಲ್ಲ. ಮೊದಲ ಕಛೇರಿ 1917ರ ಡಿಸೆಂಬರಿನಲ್ಲಿ ಕೊಲೊಜ್ವಾರ್ ಎಂಬ ಊರಿನಲ್ಲಿ ನಡೆಯಿತು. ಆಗ ಅದು ಹಂಗೇರಿಯ ಊರು. ಮೊದಲ ಮಹಾಯುದ್ಧ ಮುಗಿದು 1920ರ ಟ್ರಿಯಾನಾನ್ ಒಪ್ಪಂದವಾದಾಗ ಅದು ರೊಮೇನಿಯಕ್ಕೆ ಸೇರಿತು. ಇಂದು ಅದರ ಹೆಸರು ಕ್ಲುಜ್-ನಪೋಕ. ಊರು ಕದಲದೆ ರಾಜ್ಯ ಬದಲಾಗುವುದೆಂದರೇನೆಂದು 1956ರ ನಂತರದ ಗಡಿನಾಡ ಕನ್ನಡಿಗರಿಗೆ ವಿವರಿಸಬೇಕಾದ್ದಿಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ತರವಲ್ಲ; ಸಾಮ್ರಾಜ್ಯಗಳ ಪತನ ಬೇರೆ, ಒಂದು ಗಣರಾಜ್ಯದೊಳಗಿನ ಪುನರ್ವಿಂಗಡಣೆ ಬೇರೆ.

ಸ್ಥಾಪಕರು ತಮಗೆ ತಾವೇ ಕೆಲವು ಕಟ್ಟಳೆಗಳನ್ನು ಹಾಕಿಕೊಂಡರು. ಸಂಗೀತದ್ದಾಗಲಿ ವ್ಯವಹಾರದ್ದಾಗಲಿ, ಪ್ರತಿಯೊಂದು ವಿವಾದವೂ ಮತದಿಂದ ತೀರ್ಮಾನವಾಗಬೇಕು. ಮತ ಎರಡೆರಡಾಗಿ ಒಡೆದರೆ ಇದ್ದದ್ದು ಇದ್ದಂತೆಯೇ ಉಳಿಯಬೇಕು. ಯಾರೂ ತಂಡದ ಹೊರಗೆ ಕಛೇರಿ ಒಪ್ಪಿಕೊಳ್ಳಕೂಡದು. ಸಂಭಾವನೆ ನಾಲ್ವರಿಗೂ ಸಮ. ಮೊದಲ ವಯೊಲಿನ್ ನುಡಿಸುವವನಿಗೆ ಹೆಚ್ಚಿನದೇನೂ ಇಲ್ಲ. ಪತ್ನಿ ಅಥವಾ ಪ್ರೇಯಸಿಯರಿಗೆ ತಾಲೀಮಿಗೂ ಚರ್ಚೆಗೂ ಪ್ರವೇಶವಿಲ್ಲ. ಕೊನೆಯ ಕಟ್ಟಳೆಯನ್ನು ಈ ತಂಡದ ಅಭಿಮಾನಿಗಳು ವಿನೋದವಾಗಿ ಉಲ್ಲೇಖಿಸುವುದುಂಟು. ನಾಲ್ವರ ಗಣತಂತ್ರದ ಬಾಗಿಲು ಯಾರಿಗೆ ಮುಚ್ಚಿತ್ತೆಂಬುದಕ್ಕೆ ಅದೇ ಸಾಕ್ಷಿ. ದೇಶದಿಂದ ದೇಶಕ್ಕೆ ಸಂಸಾರವನ್ನು ಸಾಗಿಸಿದ ಹೆಂಗಸರ ಬದುಕು ಈ ಮತಗಳಿಂದ ನಿರ್ಧಾರವಾಗುತ್ತಿತ್ತು, ಅವರಿಗೆ ಮತವಿರಲಿಲ್ಲ.

3

ಸದಸ್ಯರ ಬದಲಾವಣೆ ಒಬ್ಬೊಬ್ಬರಾಗಿ ಆಯಿತು. 1920ರಲ್ಲಿ ಇಂಡಿಗ್ ಹೋಗಿ ಇಮ್ರೆ ಪೊಗಾನಿ ಬಂದರು. 1927ರಲ್ಲಿ ಪೊಗಾನಿಯ ಜಾಗಕ್ಕೆ ಒಡೆಸ್ಸಾದ ಜೋಸೆಫ್ ರಾಯ್ಸ್‌ಮನ್ ಬಂದರು. 1930ರಲ್ಲಿ ಸಾನ್ ಅವರ ಚೆಲ್ಲೊ ವಿಲ್ನಿಯಸ್‌ನ ಮಿಷಾ ಶ್ನೈಡರ್ ಕೈಗೆ ಬಂತು. 1932ರಲ್ಲಿ ಸ್ಥಾಪಕ ಹೌಸರ್ ಅವರೇ ಹೊರಟರು. ರಾಯ್ಸ್‌ಮನ್ ಮೊದಲ ವಯೊಲಿನ್ನಿಗೆ ಸರಿದು, ಎರಡನೆಯದಕ್ಕೆ ಮಿಷಾನ ತಮ್ಮ ಅಲೆಕ್ಸಾಂಡರ್ ಶ್ನೈಡರ್ ಬಂದರು. 1936ರಲ್ಲಿ ಇಪೊಯಿ ತೆರಳಿ, ಒಡೆಸ್ಸಾದವರೇ ಆದ ಬೋರಿಸ್ ಕ್ರಾಯ್ಟ್ ವಯೋಲ ಹಿಡಿದರು.

ಈ ಒಣ ಪಟ್ಟಿಯನ್ನು ಕಟ್ಟಳೆಗಳ ಪಕ್ಕದಲ್ಲಿಟ್ಟು ಓದಿದರೆ ಬೇರೊಂದು ಕಥೆ ಕಾಣಿಸುತ್ತದೆ. 1930ರಿಂದ 1932ರವರೆಗೆ ತಂಡದಲ್ಲಿ ಇಬ್ಬರು ಹಳಬರು, ಇಬ್ಬರು ಹೊಸಬರು. ಮತ ಎರಡೆರಡಾಗಿ ಒಡೆದರೆ ಹಳೆಯದೇ ಉಳಿಯುತ್ತದೆಯಾದ್ದರಿಂದ ಕಟ್ಟಳೆ ಹಳಬರ ಪರವಾಗಿತ್ತು: ಹೌಸರ್ ಮತ್ತು ಇಪೊಯಿ ಒಟ್ಟಾಗಿ ನಿಂತರೆ ಯಾವ ಬದಲಾವಣೆಯನ್ನೂ ತಡೆಯಬಲ್ಲವರಾಗಿದ್ದರು. ಹೌಸರ್ ಹೊರಟ ದಿನವೇ ಆ ರಕ್ಷಣೆ ಇಲ್ಲವಾಯಿತು. ಒಂದು ಅಕ್ಷರವೂ ತಿದ್ದುಪಡಿಯಾಗದೆ ಅದೇ ಕಟ್ಟಳೆ ಇಪೊಯಿಯನ್ನು ಕಾಯಂ ಅಲ್ಪಮತಕ್ಕೆ ತಳ್ಳಬಲ್ಲದ್ದಾಯಿತು. ಇಬ್ಬರ ಅಲ್ಪಮತಕ್ಕೆ ತಡೆಹಿಡಿಯುವ ಶಕ್ತಿಯುಂಟು. ಒಬ್ಬನ ಅಲ್ಪಮತಕ್ಕೆ ಒಪ್ಪುವ ಅಥವಾ ಹೊರಡುವ ಆಯ್ಕೆ ಮಾತ್ರ. ಇಪೊಯಿಯವರ ನಿರ್ಗಮನವನ್ನು ವೈಯಕ್ತಿಕ ಸ್ವಭಾವದ ಮಾತುಗಳಲ್ಲಿ ವಿವರಿಸಬಹುದು, ಆ ವಿವರಣೆ ಸುಳ್ಳೂ ಆಗಲಾರದು. ಆದರೆ ಅಷ್ಟಕ್ಕೇ ನಿಂತರೆ ರಚನೆಯಲ್ಲಿರುವ ಇಕ್ಕಟ್ಟನ್ನು ವ್ಯಕ್ತಿಯ ದೌರ್ಬಲ್ಯವೆಂದು ಓದಿದಂತಾಗುತ್ತದೆ. ಅಲ್ಪಸಂಖ್ಯಾತನ ಬಗೆಗಿನ ಬಹುಪಾಲು ಬರವಣಿಗೆಯಲ್ಲಿ ನಡೆಯುವುದು ಇದೇ.

ಈಗ ಭಾಷೆಯ ಮಾತು. ತಾಲೀಮು ಮೊದಲು ಹಂಗೇರಿಯನ್ ಭಾಷೆಯಲ್ಲಿ ನಡೆಯುತ್ತಿತ್ತು. ಹಂಗೇರಿಯನ್ ಬಾರದವರು ಬಂದ ಮೇಲೆ ಜರ್ಮನ್ ಭಾಷೆಗೆ ತಿರುಗಿತು. ಇಪೊಯಿ ಹೋದ ನಂತರ ರಷ್ಯನ್ ಭಾಷೆಗೆ ಬಂತು. ಇಲ್ಲಿ ನಾವು ನಿಂತು ನೋಡಬೇಕಾದದ್ದು ನಡುವಿನ ಘಟ್ಟವನ್ನು. 1932ರಿಂದ 1936ರವರೆಗೆ ಕೊಠಡಿಯಲ್ಲಿ ಮೂವರು ರಷ್ಯನ್ ಬಲ್ಲವರು, ಅವರಲ್ಲಿಬ್ಬರು ಒಡಹುಟ್ಟಿದವರು. ಅಣ್ಣತಮ್ಮಂದಿರು ತಮ್ಮ ನಡುವಿನ ಮಾತನ್ನು ಪರಭಾಷೆಯಲ್ಲಿ ಆಡಬೇಕಾದದ್ದು ನಾಲ್ಕನೆಯ ಒಬ್ಬನಿಗಾಗಿ. ಮತಕ್ಕೆ ಹಾಕಿದ್ದರೆ ಮೂರಕ್ಕೆ ಒಂದರಂತೆ ಗೆಲ್ಲಬಹುದಾಗಿದ್ದ ವಿಷಯವಿದು. ಆದರೂ ಜರ್ಮನ್ ಉಳಿಯಿತು. ಸಂಗೀತದ ವಿಷಯದಲ್ಲಿ ಸಂಖ್ಯೆ ಮೇಲಾಗಬಹುದಾಗಿದ್ದ ಕೊಠಡಿಯಲ್ಲಿ ಭಾಷೆಯ ವಿಷಯದಲ್ಲಿ ಸಂಖ್ಯೆ ಸೋತಿತು. ಒಬ್ಬನ ಇರವೇ ಸಾಕಾಯಿತು. ಯಾರ ತಾಯ್ನುಡಿಯೂ ಅಲ್ಲದ ನುಡಿ ಎಲ್ಲರಿಗೂ ಸಮಾನ ದೂರದಲ್ಲಿತ್ತು.

ಆ ವರ್ಷಗಳನ್ನು ನೆನೆದರೆ ಈ ಸಂಗತಿಯ ತೂಕ ಹೆಚ್ಚುತ್ತದೆ. ತಂಡ ಬರ್ಲಿನ್ನಿನಲ್ಲಿ ನೆಲೆ ನಿಂತಿತ್ತು. 1933ರಲ್ಲಿ ನಾತ್ಸಿಗಳು ಅಧಿಕಾರ ಹಿಡಿದ ಮೇಲೆ ಅದು ಜರ್ಮನಿಯನ್ನು ತೊರೆದು ಪ್ಯಾರಿಸ್ಸಿಗೆ ಹೋಯಿತು. ಶ್ನೈಡರ್ ಸಹೋದರರೂ ರಾಯ್ಸ್‌ಮನ್ನರೂ ಯೆಹೂದ್ಯ ಕುಟುಂಬಗಳಲ್ಲಿ ಹುಟ್ಟಿದವರು. ತಮ್ಮನ್ನು ಹೊರದಬ್ಬಿದ ಪ್ರಭುತ್ವದ ಭಾಷೆಯಲ್ಲಿ ಅವರು ಪ್ಯಾರಿಸ್ಸಿನಲ್ಲಿ ಕುಳಿತು ಮೋಟ್ಸಾರ್ಟನ ವಾಕ್ಯಗಳ ಉಸಿರನ್ನು ಚರ್ಚಿಸುತ್ತಿದ್ದರು. ಭಾಷೆಯನ್ನು ಪ್ರಭುತ್ವದಿಂದ ಬಿಡಿಸಿಕೊಂಡು ಬಳಸುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಘೋಷಣೆಯ ಅಗತ್ಯವಿಲ್ಲ.

1936ರ ನಂತರ ಬಂದ ಬದಲಾವಣೆಯನ್ನೂ ಅಷ್ಟೇ ನಿಷ್ಠುರವಾಗಿ ನೋಡಬೇಕು. ರಷ್ಯನ್ ತಾಲೀಮಿನ ಭಾಷೆಯಾದ ಮೇಲೆ ಅದು ಅನುಕೂಲವಾಗಿಯಷ್ಟೇ ಉಳಿಯದೆ ಹೊಸ್ತಿಲಾಗಿಯೂ ಕೆಲಸ ಮಾಡಿದಂತೆ ತೋರುತ್ತದೆ. ಮುಂದೆ ಎರಡನೆಯ ವಯೊಲಿನ್ನಿಗೆ ಬಂದ ಎಡ್ಗರ್ ಆರ್ಟೆನ್‌ಬರ್ಗ್, ಜ್ಯಾಕ್ ಗೊರೊಡೆಟ್ಸ್ಕಿ ಇಬ್ಬರೂ ರಷ್ಯಾ ಮೂಲದವರೇ. ಹೊರಗಿನ ಹೆಸರು ಒಂದು ನಗರದ್ದು, ಒಳಗಿನ ಭಾಷೆ ಇನ್ನೊಂದು ನಾಡಿನದು. ಎರಡರ ನಡುವೆ ಸಂಬಂಧವೇ ಇಲ್ಲದಿದ್ದಾಗ್ಯೂ ಎರಡೂ ಬಿಗಿಯಾಗಿ ನಿಂತವು.

4

ಹಾಗಾದರೆ ‘ರಷ್ಯನ್ನರು’ ಎಂಬ ಮಾತಾದರೂ ಸರಿಯೇ? ಈ ತಂಡದ ಚರಿತ್ರೆಯನ್ನು ವಿವರವಾಗಿ ಬರೆದ ನ್ಯಾಟ್ ಬ್ರಾಂಡ್ಟ್ ತಮ್ಮ 1993ರ ಗ್ರಂಥದ ಉಪಶೀರ್ಷಿಕೆಯಲ್ಲಿಯೇ ನಾಲ್ವರನ್ನೂ ರಷ್ಯನ್ನರೆಂದು ಕರೆದಿದ್ದಾರೆ. ಬುಡಾಪೆಸ್ಟ್ ಎಂಬ ತಪ್ಪು ಹೆಸರಿನ ಹಿಂದಿರುವ ಸರಿಯಾದ ಹೆಸರು ಇದು ಎಂಬ ಧಾಟಿ ಅದರಲ್ಲಿದೆ. ಆದರೆ ರಾಯ್ಸ್‌ಮನ್ ಮತ್ತು ಕ್ರಾಯ್ಟ್ ಹುಟ್ಟಿದ ಒಡೆಸ್ಸಾ ಇಂದು ಉಕ್ರೇನಿನಲ್ಲಿದೆ. ಶ್ನೈಡರ್ ಸಹೋದರರ ವಿಲ್ನಿಯಸ್ ರಷ್ಯಾದ ಕೈಯಿಂದ ಪೋಲೆಂಡಿಗೆ, ಅಲ್ಲಿಂದ ಸೋವಿಯೆತ್ ಒಕ್ಕೂಟಕ್ಕೆ ಹೋಗಿ, ಇಂದು ಲಿಥುವೇನಿಯದ ರಾಜಧಾನಿ. ಇಂದಿನ ನಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರೂ ರಷ್ಯಾದಲ್ಲಿ ಹುಟ್ಟಿದವರಲ್ಲ. ಅವರೆಲ್ಲರಿಗೂ ಸಮಾನವಾಗಿದ್ದ ಯೆಹೂದ್ಯ ಮೂಲ ಯಾವ ಹೆಸರಿನಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ಒಂದು ಹಣೆಪಟ್ಟಿಯನ್ನು ಸುಳ್ಳೆಂದು ಕಿತ್ತು ಇನ್ನೊಂದನ್ನು ನಿಜವೆಂದು ಅಂಟಿಸುವ ಮೊದಲು ವಿಮರ್ಶಕ ಎರಡು ಬಾರಿ ಯೋಚಿಸಬೇಕು. ಈ ನಾಲ್ವರ ವಿಷಯದಲ್ಲಿ ‘ರಷ್ಯನ್’ ಎಂಬುದು ನಾಡಿನ ಹೆಸರಾಗಿ ನಿಲ್ಲುವುದಿಲ್ಲ. ಸಂಭಾಷಣೆಯ ಭಾಷೆಯ ಹೆಸರಾಗಿ ನಿಲ್ಲುತ್ತದೆ.

ಅವರ ವೃತ್ತಿಜೀವನಗಳೂ ಇದನ್ನೇ ಹೇಳುತ್ತವೆ. ರಾಯ್ಸ್‌ಮನ್ ಮತ್ತು ಕ್ರಾಯ್ಟ್ ಇಬ್ಬರೂ ಎಳೆಯ ವಯಸ್ಸಿನಲ್ಲೇ ಬರ್ಲಿನ್ನಿಗೆ ಹೋಗಿ ಅಲೆಕ್ಸಾಂಡರ್ ಫೀಡೆಮನ್ ಎಂಬ ಒಬ್ಬನೇ ಗುರುವಿನಲ್ಲಿ ಕಲಿತವರು. ಮಿಷಾ ಶ್ನೈಡರ್ ಲೈಪ್ಸಿಗ್‌ನಲ್ಲಿ ಯೂಲಿಯುಸ್ ಕ್ಲೆಂಗೆಲ್‌ರ ಶಿಷ್ಯ. ಅವರ ಬಿಲ್ಲಿನ ಶಿಕ್ಷಣದಲ್ಲಿ ಜರ್ಮನಿಯ ಪಾಲು ದೊಡ್ಡದು. ಕ್ರಾಯ್ಟ್ ಬಾಲಪ್ರತಿಭೆಯೆಂದು ಹೆಸರಾಗಿ, ಆಮೇಲೆ ಹೊಟ್ಟೆಪಾಡಿಗಾಗಿ ಬರ್ಲಿನ್ನಿನ ಕೆಫೆಗಳ ಲಘುಸಂಗೀತದ ತಂಡಗಳಲ್ಲಿಯೂ ನುಡಿಸಿದವರು. ರಾಯ್ಸ್‌ಮನ್ ಚತುಷ್ಟಯಕ್ಕೆ ಬರುವ ಮುನ್ನ ಮೂಕಚಿತ್ರಗಳಿಗೆ ನುಡಿಸುತ್ತಿದ್ದ ವಾದ್ಯವೃಂದದಲ್ಲಿದ್ದರು. ಹೊರಗಿನ ಕಛೇರಿ ಒಪ್ಪಕೂಡದೆಂಬ ಕಟ್ಟಳೆ ಇಂಥವರಿಗೆ ಬರಿಯ ನಿರ್ಬಂಧವಾಗಿರಲಿಲ್ಲ. ಚಿಲ್ಲರೆ ಕೆಲಸಗಳಿಂದ ಬಿಡುಗಡೆಯೂ ಆಗಿತ್ತು. ವ್ಯವಹಾರದ ಲೆಕ್ಕಪತ್ರ ನೋಡುತ್ತಿದ್ದವರು ಮಿಷಾ. ಕಲೆಯ ಚರಿತ್ರೆ ಬರೆಯುವವರು ಇಂಥ ಕೆಲಸವನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ, ಆದರೆ ಚತುಷ್ಟಯಗಳು ಮುರಿಯುವುದು ಸ್ವರದಿಂದ ಎಷ್ಟೋ ಅಷ್ಟೇ ಹಣದಿಂದಲೂ.

1938ರಲ್ಲಿ ತಂಡ ಅಮೆರಿಕ ಸೇರಿತು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಗರ್ಟ್ರೂಡ್ ಕ್ಲಾರ್ಕ್ ವ್ಹಿಟಲ್ ಎಂಬ ಮಹಿಳೆ ಐದು ಸ್ಟ್ರಾಡಿವೇರಿಯಸ್ ವಾದ್ಯಗಳನ್ನು ದಾನ ಮಾಡಿದ್ದರು. ಅವು ಅಲ್ಲಿಯೇ ಇರಬೇಕು, ಅಲ್ಲಿಯೇ ನುಡಿಯಬೇಕು ಎಂಬುದು ದಾನದ ಆಶಯ. 1940ರಿಂದ 1962ರವರೆಗೆ ಬುಡಾಪೆಸ್ಟ್ ತಂಡ ಆ ಗ್ರಂಥಾಲಯದ ಆಸ್ಥಾನ ಚತುಷ್ಟಯವಾಗಿತ್ತು. ವಾದ್ಯಗಳಿಗೆ ವಿಳಾಸವಿತ್ತು, ವಾದಕರು ಬಂದು ಸೇರಿದರು. ವಿಳಾಸ ಕಳೆದುಕೊಂಡಿದ್ದ ನಾಲ್ವರಿಗೆ ಪೀಠೋಪಕರಣದಂತೆ ಕದಲದ ವಾದ್ಯಗಳು ನೆಲೆ ಒದಗಿಸಿದ್ದು ಈ ಕಥೆಯ ಒಂದು ಸ್ವಾರಸ್ಯ.

ಎರಡನೆಯ ವಯೊಲಿನ್ನಿನ ಕುರ್ಚಿ ಮಾತ್ರ ಸುಖದ್ದಾಗಿರಲಿಲ್ಲ. ಅಲೆಕ್ಸಾಂಡರ್ ಶ್ನೈಡರ್ 1944ರಲ್ಲಿ ತಂಡ ಬಿಟ್ಟರು. ಹೊರಗೆ ಅವರು ಕಂಡ ವೃತ್ತಿಜೀವನ ವಿಸ್ತಾರವಾದದ್ದು: ತಮ್ಮದೇ ಹೆಸರಿನ ಚತುಷ್ಟಯ ಕಟ್ಟಿ ಹೈಡನ್ನನ ಕೃತಿಗಳನ್ನು ಮುದ್ರಿಸಿದರು, ಸಾರ್ವಜನಿಕ ವೇದಿಕೆಯಿಂದ ದೂರ ಉಳಿದಿದ್ದ ಪಾಬ್ಲೊ ಕಸಾಲ್ಸ್‌ರನ್ನು ಒಪ್ಪಿಸಿ 1950ರ ಪ್ರಾದ್ ಉತ್ಸವಕ್ಕೆ ಕಾರಣರಾದರು. ಅವರ ಜಾಗಕ್ಕೆ ಬಂದ ಆರ್ಟೆನ್‌ಬರ್ಗ್ 1949ರವರೆಗೆ ಇದ್ದರು. ಅನಂತರ ಬಂದ ಗೊರೊಡೆಟ್ಸ್ಕಿ ವೇದಿಕೆಯ ಭಯದಿಂದ ನರಳಿ 1955ರಲ್ಲಿ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ಆಗ ಅಲೆಕ್ಸಾಂಡರ್ ಮರಳಿದರು; 1967ರವರೆಗೆ ಉಳಿದರು. ಗೊರೊಡೆಟ್ಸ್ಕಿಯವರ ಸಾವಿಗೆ ತಂಡದ ಕಟ್ಟಳೆಗಳನ್ನು ಹೊಣೆ ಮಾಡುವುದು ಅನ್ಯಾಯವಾದೀತು. ಆದರೆ ಒಂದು ದಶಕಕ್ಕೂ ಹೆಚ್ಚು ಕಾಲ ಒಟ್ಟಿಗೆ ನುಡಿಸಿ, ಅರೆಮಾತಿನಲ್ಲಿ ಅರ್ಥವಾಗುವಷ್ಟು ಒಗ್ಗಿಹೋದ ಮೂವರ ನಡುವೆ ನಾಲ್ಕನೆಯವನಾಗಿ ಬಂದು ಕೂರುವುದು ಲಘುವಾದ ಕೆಲಸವಲ್ಲ. ಸಮಾನ ಸಂಬಳ, ಸಮಾನ ಮತ ಎರಡೂ ಇದ್ದೂ ನೆನಪಿನ ಸಮಾನ ಪಾಲು ಇಲ್ಲದಿರುವುದು ಒಂದು ಬಗೆಯ ಅಲ್ಪಸಂಖ್ಯೆಯೇ.

5

ಹೆಸರನ್ನು ಉಳಿಸಿಕೊಳ್ಳುವುದೊಂದೇ ದಾರಿಯೇನಲ್ಲ. ಅಮೆಡಿಯಸ್ ಚತುಷ್ಟಯ ಇನ್ನೊಂದು ದಾರಿ ಹಿಡಿಯಿತು. ಅದರ ನಾರ್ಬರ್ಟ್ ಬ್ರೈನಿನ್, ಸೀಗ್ಮಂಡ್ ನಿಸೆಲ್, ಪೀಟರ್ ಶಿಡ್ಲಾಫ್ ಮೂವರೂ ವಿಯೆನ್ನಾ ಬಿಟ್ಟು ಇಂಗ್ಲೆಂಡಿಗೆ ಬಂದ ಯೆಹೂದಿ ನಿರಾಶ್ರಿತರು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರನ್ನೇ ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು 1940ರಲ್ಲಿ ಬಂಧನ ಶಿಬಿರಗಳಿಗೆ ಕಳಿಸಿತು. ಅವರ ಪರಿಚಯ ಬೆಳೆದದ್ದು ಅಲ್ಲಿ. ಮಾರ್ಟಿನ್ ಲವೆಟ್ ಎಂಬ ಇಂಗ್ಲಿಷ್ ಚೆಲ್ಲೊವಾದಕ ಸೇರಿದ ಮೇಲೆ ತಂಡ ಪೂರ್ಣವಾಯಿತು. 1948ರ ಜನವರಿ 10ರಂದು ಲಂಡನ್ನಿನ ವಿಗ್‌ಮೋರ್ ಹಾಲ್‌ನಲ್ಲಿ ಆ ಹೆಸರಿನಲ್ಲಿ ಮೊದಲ ಕಛೇರಿ. ಒಬ್ಬರೂ ಬದಲಾಗದೆ ಸುಮಾರು ನಲವತ್ತು ವರ್ಷ ನುಡಿಸಿ, 1987ರಲ್ಲಿ ಶಿಡ್ಲಾಫ್ ತೀರಿಕೊಂಡಾಗ ಉಳಿದ ಮೂವರು ತಂಡವನ್ನು ಮುಗಿಸಿದರು. ಆ ಹೆಸರು ವ್ಯಕ್ತಿಗಳ ಜೊತೆಗೇ ಹೋಯಿತು.

ಅಮೆಡಿಯಸ್ ದಾರಿಯಲ್ಲಿ ನಿಷ್ಠೆಯ ಸೊಬಗಿದೆ. ಯಾರನ್ನೂ ಅಲ್ಪಮತಕ್ಕೆ ತಳ್ಳಿ ಕಳಿಸಿದ ಕಳಂಕ ಅದಕ್ಕಿಲ್ಲ. ಆದರೆ ಅದು ಒಂದು ತಲೆಮಾರಿನೊಡನೆ ಮುಗಿಯುವ ದಾರಿ. ಬುಡಾಪೆಸ್ಟ್ ದಾರಿ ತಲೆಮಾರುಗಳನ್ನು ದಾಟುತ್ತದೆ, ದಾಟುವಾಗ ಹಿಂದಿನವರನ್ನು ಬಿಟ್ಟುಹೋಗುತ್ತದೆ. ಗೌರ್ನೇರಿ ಚತುಷ್ಟಯ 1964ರಲ್ಲಿ ಹುಟ್ಟಿದಾಗ ಅದಕ್ಕೆ ಆ ಹೆಸರನ್ನು ಸೂಚಿಸಿದವರು ಬೋರಿಸ್ ಕ್ರಾಯ್ಟ್. ಜರ್ಮನಿಯಲ್ಲಿ ತಾವು ಹಿಂದೊಮ್ಮೆ ನುಡಿಸಿದ್ದ ತಂಡವೊಂದರ ಹೆಸರನ್ನು ಅವರು ಹೊಸಬರಿಗೆ ದಾಟಿಸಿದರು. ಹೆಸರೆಂಬುದು ವ್ಯಕ್ತಿಯ ಸೊತ್ತಲ್ಲ, ಕೈಬದಲಾಗಬಲ್ಲ ವಾದ್ಯ ಎಂದು ಅವರು ತಿಳಿದಿದ್ದರೆಂದು ತೋರುತ್ತದೆ.

ಕೇಳ್ಮೆಯ ಸಾಕ್ಷ್ಯ ಏನು ಹೇಳುತ್ತದೆ? ಹೌಸರ್ ಕಾಲದ 78 ವೇಗದ ಮುದ್ರಿಕೆಗಳಲ್ಲಿ ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸುವ ಹಳೆಯ ಮಧ್ಯ ಯುರೋಪಿನ ಸಲುಗೆ ಕೇಳುತ್ತದೆ. ರಾಯ್ಸ್‌ಮನ್ ಮೊದಲ ವಯೊಲಿನ್ನಿಗೆ ಬಂದ ಮೇಲೆ ಆ ಜಾರು ಕಡಿಮೆಯಾಗುತ್ತದೆ. ನಾದ ತೆಳುವಾಗಿ, ನೇರವಾಗಿ, ಬರೆದದ್ದಕ್ಕೆ ಹತ್ತಿರವಾಗುತ್ತದೆ. 1951-52ರಲ್ಲಿ ಮುದ್ರಿಸಿದ ಬೀಥೋವನ್ನನ ಚತುಷ್ಟಯಗಳ ಪೂರ್ಣ ಸರಣಿಯಲ್ಲಿ ಈ ಹೊಸ ಶೈಲಿ ಪಕ್ವವಾಗಿದೆ. 1958ರಿಂದ 1961ರ ನಡುವೆ ಸ್ಟೀರಿಯೋದಲ್ಲಿ ಮತ್ತೆ ಮುದ್ರಿಸಿದ ಸರಣಿಯಲ್ಲಿ ಶ್ರುತಿ ಅಲ್ಲಲ್ಲಿ ಅಳ್ಳಾಡುತ್ತದೆ. ಆದರೆ ನಿಧಾನ ಚಲನೆಗಳಲ್ಲಿ ಅವಸರವಿಲ್ಲದ ಒಂದು ವಿವೇಕ ಸೇರಿಕೊಂಡಿದೆ. ಇವನ್ನು ಹಂಗೇರಿಯ ಪರಂಪರೆಯೆಂದು ಹೊಗಳುವುದು ಹೆಸರನ್ನು ಕೇಳುವುದೇ ಹೊರತು ಸಂಗೀತವನ್ನಲ್ಲ. ಹಾಗೆಂದು ಇಲ್ಲಿ ಪರಂಪರೆಯೇ ಇಲ್ಲವೆನ್ನಲಾಗದು. ನಾಲ್ವರೂ ಒಮ್ಮೆಗೇ ಬದಲಾಗಿದ್ದರೆ ಅದು ಹೆಸರಿನ ಮಾರಾಟವಾಗುತ್ತಿತ್ತು. ಒಬ್ಬೊಬ್ಬರಾಗಿ ಬಂದುದರಿಂದ, ಪ್ರತಿ ಬಾರಿಯೂ ಮೂವರು ಬಲ್ಲವರ ನಡುವೆ ಒಬ್ಬ ಅರಿಯದವನು ಕೂತು ಕಲಿತದ್ದರಿಂದ, ಏನೋ ಒಂದು ಕೈಯಿಂದ ಕೈಗೆ ದಾಟಿತು. ಆ ದಾಟುವಿಕೆಯ ಹೆಸರು ಬುಡಾಪೆಸ್ಟ್.

ಹೌಸರ್ 1933ರಲ್ಲಿ ಜೆರುಸಲೇಮಿನಲ್ಲಿ ಸಂಗೀತ ಶಾಲೆಯೊಂದನ್ನು ಸ್ಥಾಪಿಸಿದರು. ಇಪೊಯಿ ನಾರ್ವೆಯಲ್ಲಿ ನೆಲೆಸಿದರು. ಆ ಹೆಸರಿನ ಖ್ಯಾತಿ ಬೆಳೆದದ್ದನ್ನು ಇಬ್ಬರೂ ದೂರದಲ್ಲಿ ಬದುಕಿ ಕಂಡವರು. ಯಶಸ್ಸಿನ ಚರಿತ್ರೆಯಲ್ಲಿ ಅವರಿಗಿರುವ ಸ್ಥಾನ ಪೀಠಿಕೆಯದು. ಆದರೆ ಮೂವರನ್ನು ತಮ್ಮದಲ್ಲದ ಭಾಷೆಯಲ್ಲಿ ನಾಲ್ಕು ವರ್ಷ ಮಾತಾಡಿಸಿದ ಆ ಕೊನೆಯ ಹಂಗೇರಿಯನ್ ತಂಡಕ್ಕೆ ಕೊಟ್ಟದ್ದೇನೆಂದು ಅಳೆಯುವ ಮಾನದಂಡ ಸಂಗೀತ ವಿಮರ್ಶೆಯ ಬಳಿ ಇನ್ನೂ ಇಲ್ಲ. ಧ್ವನಿಮುದ್ರಿಕೆಯಲ್ಲಿ ತಾಲೀಮಿನ ಮಾತು ಉಳಿಯುವುದಿಲ್ಲ. ಅದನ್ನು ಹುಡುಕಿ ತೆಗೆಯುವ ಕೆಲಸ ಬಹುಶಃ ಭಾಷೆಯನ್ನು ಅಭ್ಯಸಿಸುವವರದ್ದೇ ಆಗಬೇಕು.